ನೆಲಮಾಳಿಗೆಗೆ ಮರವೋ, ಜಿಐ ಚಾನಲ್ಲೋ? ಮೊದಲು ಗೋಡೆ ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಮನೆ ಪುಟದಲ್ಲಿ ನೆಲಮಾಳಿಗೆಯನ್ನು ರೂಮು ಮಾಡಿಕೊಳ್ಳುವುದು ಹೇಗೆ ಅಂತ ಒಂದು ಲೇಖನ ಬಂದಿತ್ತು. ಗೋಡೆ ಮುಂದೆ ಮರದ ಫ್ರೇಮು ನಿಲ್ಲಿಸಿ, ಲೋಹದ ಫ್ರೇಮು ಥಂಡಿ ಹಿಡಿಯುತ್ತದೆ, ತುಕ್ಕೂ ಹಿಡಿಯುತ್ತದೆ, ಫ್ರೇಮಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಆಮೇಲೆ ಬೋರ್ಡು ಹೊಡೆಯಿರಿ ಅಂತ ಅದರಲ್ಲಿತ್ತು. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅದು ಮೈಸೂರು, ಮಂಡ್ಯದ ಮನೆಗೆ ಹೇಳಿದ ಮಾತಲ್ಲ. ಹಿಮ ಬೀಳುವ ಊರಿಗೆ ಹೇಳಿದ್ದನ್ನು ಎತ್ತಿಕೊಂಡು ಬಂದು ಇಲ್ಲಿ ಇಟ್ಟಿದ್ದಾರೆ. ಓದಿದವರು ಯಾರಾದರೂ ಹಾಗೇ ಮಾಡಿಬಿಟ್ಟರೆ ಎರಡು ಮಳೆಗಾಲ ಕಳೆಯುವುದರೊಳಗೆ ಎಲ್ಲವನ್ನೂ ಕಿತ್ತು ಹೊರಗೆ ಹಾಕಬೇಕಾಗುತ್ತದೆ, ಅದಕ್ಕೇ ಈ ಪತ್ರ.

ನಾನು ಮಂಡ್ಯ ಕಡೆಯ ಆಚಾರಿ ಮನೆತನದವನು. ಮೈಸೂರಿನಲ್ಲಿ ಮರಗೆಲಸ, ಪಾರ್ಟಿಷನ್, ಫಾಲ್ಸ್ ಸೀಲಿಂಗ್ ಕೆಲಸ ಹಿಡಿದು ಮಾಡಿಸುತ್ತೇನೆ. ಮರ ಹಾಕಿದರೂ ನನಗೆ ಕೂಲಿ, ಜಿಐ ಚಾನಲ್, ಅಂದರೆ ಸತು ಲೇಪದ ತಗಡು ಮಡಚಿ ಮಾಡಿದ ಪಟ್ಟಿ, ಹಾಕಿದರೂ ಕೂಲಿ. ಮನಸ್ಸು ಕೇಳಿದರೆ ಮರದ ಕಡೆಗೇ ಹೋಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಮಣ್ಣಿಗೆ ತಾಗಿದ ಗೋಡೆ ಮುಂದೆ ಮರ ನಿಲ್ಲಿಸಿ ಅಂತ ಯಾರಿಗೂ ಹೇಳುವುದಿಲ್ಲ. ಅಲ್ಲಿ ಜಿಐ ಚಾನಲ್ಲೇ ಸರಿ. ಅದೂ ಗೋಡೆ ಒಣಗಿದ್ದರೆ ಮಾತ್ರ. ಒಣಗದ ಗೋಡೆಗೆ ಎರಡೂ ದಂಡ.

ಆ ಲೇಖನದ ಸಲಹೆ ಹುಟ್ಟಿದ ಜಾಗ ಎಂಥದ್ದು ಅಂತ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಮಿಷಿಗನ್ ಥರದ ರಾಜ್ಯದಲ್ಲಿ ಚಳಿಗಾಲಕ್ಕೆ ನೆಲವೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಪಾಯವನ್ನೇ ಎತ್ತಿಬಿಡುತ್ತದೆ. ಅದಕ್ಕೆ ಅಲ್ಲಿ ಪಾಯ 42 ಇಂಚು ಕೆಳಗೆ ಇಳಿಯಬೇಕು ಅಂತ ನಿಯಮ. ಹೇಗೂ ಅಷ್ಟು ಅಗೆದ ಮೇಲೆ ಇನ್ನಷ್ಟು ಅಗೆದರೆ ಒಂದು ಪೂರ್ತಿ ಅಂತಸ್ತೇ ಸಿಗುತ್ತದಲ್ಲ ಅಂತ ಮನೆಮನೆಗೂ ಬೇಸ್‌ಮೆಂಟು. ಪೈನ್, ಫರ್ ಮರ ಅವರಿಗೆ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ. ಎರಡು-ನಾಲ್ಕು ಅಂತ ಕರೆಯುವ ರೀಪರು, ಅಂದರೆ ಉದ್ದನೆ ಮರದ ಪಟ್ಟಿ, ಟೇಪು ಹಿಡಿದರೆ ಒಂದೂವರೆ ಮೂರೂವರೆ ಇಂಚು, ಭಟ್ಟಿಯಲ್ಲಿ ಒಣಗಿಸಿ ಅಳತೆಗೆ ಕೊಯ್ದು ಇಟ್ಟಿರುತ್ತಾರೆ. ಅದನ್ನು 16 ಇಂಚಿಗೊಂದರಂತೆ ನಿಲ್ಲಿಸಿ ಮೊಳೆ ಹೊಡೆಯುವುದು ಅಲ್ಲಿನ ಮನೆ ಯಜಮಾನರಿಗೂ ಬರುತ್ತದೆ.

ಉಕ್ಕು ಮರಕ್ಕಿಂತ ಸುಮಾರು 400 ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ. ಹೊರಗೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿದ್ದು ಒಳಗೆ ಹೀಟರ್ ಉರಿಯುತ್ತಿದ್ದರೆ ಅದು ದೊಡ್ಡ ವಿಷಯವೇ. ಒಳಗಿನ ಬಿಸಿಯೆಲ್ಲ ಉಕ್ಕಿನ ಹಾದಿ ಹಿಡಿದು ಹೊರಗೆ ಹೋಗುತ್ತದೆ, ಹಾಗಾಗಿ ಅವರು ಮರ ಅನ್ನುತ್ತಾರೆ. ಮೈಸೂರಿನಲ್ಲಿ ಜನವರಿ ರಾತ್ರಿ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿದರೆ ನಾವು ಸ್ವೆಟರು, ಮಫ್ಲರು ಹುಡುಕುತ್ತೇವೆ. ಇಲ್ಲಿ ಯಾರ ಮನೆಯಲ್ಲಿ ಹೀಟರ್ ಇದೆ ಹೇಳಿ? ಥಂಡಿಯ ಮಾತು ಇಲ್ಲಿಗೆ ಬೇಡವೇ ಬೇಡ.

ಇಲ್ಲಿ ನೆಲಮಾಳಿಗೆ ಹುಟ್ಟುವ ಕಾರಣವೇ ಬೇರೆ. ಸೈಟು ಇಳಿಜಾರಿನಲ್ಲಿರುತ್ತದೆ, ಇಲ್ಲಾ ರಸ್ತೆಗಿಂತ ತಗ್ಗಿನಲ್ಲಿರುತ್ತದೆ. ಮಣ್ಣು ತುಂಬಿಸುವ ಖರ್ಚಿಗೆ ಒಂದು ಸೆಲ್ಲಾರೇ ಆಗುತ್ತದಲ್ಲ ಅಂತ ಕಾಂಟ್ರಾಕ್ಟರ್ ಹೇಳುತ್ತಾರೆ. ಮೊದಲು ಸ್ಕೂಟರು, ಹಳೇ ಪಾತ್ರೆ, ಗ್ಯಾಸ್ ಸಿಲಿಂಡರು. ಮಗ ದೊಡ್ಡವನಾದ ಮೇಲೆ ಅದೇ ಜಾಗ ಆಫೀಸು, ಟ್ಯೂಷನ್ ರೂಮು, ಹೋಂ ಥಿಯೇಟರು. ಗೋಡೆ ಹೆಚ್ಚಾಗಿ ಸೈಜುಗಲ್ಲಿನದು, ಇಲ್ಲಾ ಸಿಮೆಂಟ್ ಬ್ಲಾಕಿನದು. ಮಣ್ಣಿನ ಕಡೆಯ ಮುಖಕ್ಕೆ ವಾಟರ್‌ಪ್ರೂಫಿಂಗ್ ಆಗಿರುವುದು ಅಪರೂಪ, ಆಗಿದ್ದರೂ ಮಣ್ಣು ತುಂಬುವಾಗ ಜೆಸಿಬಿ ಬಕೆಟ್ ತಾಗಿ ಅರ್ಧ ಕಿತ್ತುಹೋಗಿರುತ್ತದೆ. ಕಲ್ಲಿನ ಸಂದಿಯಲ್ಲಿ ನೀರು ಬರುವುದಕ್ಕೆ ದಾರಿ ಕೇಳಬೇಕಾ? ಮೇ ತಿಂಗಳ ಗುಡುಗು ಮಳೆಗೆ ಒಂದು ಸಲ, ಅಕ್ಟೋಬರ್ ಮಳೆಗೆ ಇನ್ನೊಂದು ಸಲ ಗೋಡೆ ಶೀತ ಹಿಡಿಯುತ್ತದೆ. ಪೇಂಟು ಗುಳ್ಳೆ ಎದ್ದು ಬಿಳಿ ಉಪ್ಪು ಉದುರುತ್ತದೆ.

ಮಂಡ್ಯದ ಕಡೆ ಇನ್ನೊಂದು ಕಥೆ. ಗದ್ದೆ ಬಯಲು ಒತ್ತಿಕೊಂಡು ಎದ್ದ ಬಡಾವಣೆಗಳಲ್ಲಿ ಮಳೆ ಇಲ್ಲದಿದ್ದರೂ ಸೆಲ್ಲಾರ್ ಗೋಡೆ ಬೆವರುವುದನ್ನು ನೋಡಿದ್ದೇನೆ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು, ಸುತ್ತ ಗದ್ದೆಗೆ ನೀರು ನಿಂತ ಮೇಲೆ ಬಾವಿ ನೀರು ಮೇಲೇರುತ್ತದೆ, ಅದರ ಜೊತೆಗೇ ನೆಲದಡಿಯ ನೀರು ಗೋಡೆಯ ಬುಡಕ್ಕೂ ಬರುತ್ತದೆ. ಬೇಸಿಗೆಯಲ್ಲಿ ಮನೆ ನೋಡಿ ಗೋಡೆ ಒಣಗಿದೆ ಅಂತ ಕೆಲಸ ಶುರು ಮಾಡಿದವರಿಗೆ ಆಗಸ್ಟ್‌ನಲ್ಲಿ ಗೊತ್ತಾಗುತ್ತದೆ. ಅಲ್ಲಿ ನೆಲಮಾಳಿಗೆ ಕೆಲಸ ಒಪ್ಪಿಕೊಳ್ಳುವ ಮುಂಚೆ ನಾನು ಕೇಳುವ ಮೊದಲ ಪ್ರಶ್ನೆ, ನಾಲೆಯಲ್ಲಿ ನೀರು ಇದ್ದಾಗ ಈ ಗೋಡೆ ಹೇಗಿತ್ತು ಅಂತ.

ಇನ್ನು ಸಂಪು. ಇದನ್ನು ಯಾವ ಅಮೆರಿಕದ ಪುಸ್ತಕವೂ ಹೇಳುವುದಿಲ್ಲ, ಯಾಕೆಂದರೆ ಅವರ ಸಂಪು ನುಗ್ಗಿದ ನೀರನ್ನು ಹೊರಗೆ ಎತ್ತಿ ಹಾಕುವ ಗುಂಡಿ, ನಮ್ಮದು ಕುಡಿಯುವ ನೀರು ತುಂಬಿಡುವ ತೊಟ್ಟಿ. 30-40 ಸೈಟಿನಲ್ಲಿ ಸಂಪಿಗೆ ಜಾಗ ಎಲ್ಲಿದೆ? ಗೇಟಿನ ಪಕ್ಕ, ಸೆಲ್ಲಾರ್ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಶೀತ ಅಂತ ಕರೆದ ಎಷ್ಟೋ ಮನೆಯಲ್ಲಿ ಮಳೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ, ಸಂಪಿನ ಮೂಲೆಯಲ್ಲಿ ಕೂದಲೆಳೆ ಬಿರುಕು ಬಿಟ್ಟಿರುತ್ತದೆ ಅಷ್ಟೆ. ನೋಡುವುದು ಸುಲಭ. ರಾತ್ರಿ ಸಂಪು ತುಂಬಿಸಿ, ನೀರು ಬರುವ ವಾಲ್ವ್ ಮುಚ್ಚಿ, ಮೋಟರ್ ಹಾಕಬೇಡಿ. ನೀರಿನ ಮಟ್ಟಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಒಂದು ದಿನ ಬಿಟ್ಟು ನೋಡಿ. ಗೆರೆಗಿಂತ ನೀರು ಕೆಳಗೆ ಇಳಿದಿದ್ದರೆ ಮೊದಲು ಸಂಪು ರಿಪೇರಿ, ಆಮೇಲೆ ಮರವೋ ಲೋಹವೋ ಅನ್ನುವ ಮಾತು.

ಗೋಡೆಗೂ ಒಂದು ಪರೀಕ್ಷೆ ಇದೆ, ಇದಕ್ಕೆ ಖರ್ಚೇ ಇಲ್ಲ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಒತ್ತಿ ಗೋಡೆಗೆ ಅಂಟಿಸಿ, ಗಾಳಿ ಆಡದ ಹಾಗೆ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಕಡೆಗೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಹಾಳೆಯ ಮುಂದೆ, ರೂಮಿನ ಕಡೆಗೆ ಹನಿ ಇದ್ದರೆ ಅದು ಗಾಳಿಯ ತೇವ, ಹೊರಗೆ ಒಣಹವೆ ಇದ್ದಾಗ ಕಿಟಕಿ ತೆಗೆದು ಫ್ಯಾನು ಹಾಕಿದರೆ ಹೋಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ಮಳೆಗಾಲದಲ್ಲೇ ಮಾಡಬೇಕು. ಏಪ್ರಿಲ್‌ನಲ್ಲಿ ಮಾಡಿದರೆ ಎಲ್ಲ ಗೋಡೆಯೂ ಪಾಸು.

ಈಗ ಮರದ ವಿಷಯ. ಮರ ಅಂದರೆ ಯಾವ ಮರ? ಲೇಖನದಲ್ಲಿ ಬರೀ ಮರ ಅಂತ ಇದೆ. ತೇಗ, ಹೊನ್ನೆ, ಮತ್ತಿ ಮರದ ಕೆಚ್ಚು ಸಿಕ್ಕರೆ ಅದು ಗೆದ್ದಲಿಗೂ ಅಷ್ಟು ಬೇಗ ಬಗ್ಗುವುದಿಲ್ಲ. ಆದರೆ ಬೋರ್ಡಿನ ಹಿಂದೆ ಕಾಣದೆ ಕೂರುವ ಫ್ರೇಮಿಗೆ ತೇಗದ ಕೆಚ್ಚು ಹಾಕಿಸುವವರು ಯಾರು ಸ್ವಾಮಿ? ಹಾಕುವುದು ಕೊಡಗಿನ ತೋಟದಿಂದ ಬಂದ ಸಿಲ್ವರ್ ಓಕು, ಇಲ್ಲಾ ಪ್ಯಾಕಿಂಗ್ ಪೆಟ್ಟಿಗೆ ಒಡೆದ ಪೈನು, ಇಲ್ಲಾ ತೇಗವೇ ಆದರೂ ಹೊರಗಿನ ಬಿಳಿ ಭಾಗ. ಇವು ಮೂರೂ ಗೆದ್ದಲಿಗೆ ಹಬ್ಬದೂಟ. ಹಸಿ ಇರುವಾಗಲೇ ಕೊಯ್ದು ತಂದಿರುತ್ತಾರೆ, ಒಣಗುತ್ತಾ ಒಣಗುತ್ತಾ ತಿರುಚಿಕೊಂಡು ಬೋರ್ಡಿನ ಜಾಯಿಂಟು ಬಿರುಕು ಬಿಡುತ್ತದೆ, ಆಮೇಲೆ ಪೇಂಟರನ್ನು ಬೈಯುತ್ತಾರೆ.

ಮೈಸೂರಿನ ವಿಜಯನಗರದ ಕಡೆ ಒಂದು ಮನೆಯ ಸೆಲ್ಲಾರ್ ಕಿತ್ತಾಗ ಕಂಡದ್ದನ್ನು ಹೇಳುತ್ತೇನೆ. ಹೊರಗೆ ನೋಡಿದರೆ ಏನೂ ಇಲ್ಲ. ಪ್ಲೈವುಡ್ ಮೇಲಿನ ಲ್ಯಾಮಿನೇಟು ಹೊಳೆಯುತ್ತಿತ್ತು. ಸ್ಕರ್ಟಿಂಗ್ ಪಟ್ಟಿಯ ಒಂದು ಮೂಲೆಯಲ್ಲಿ ಬೆರಳುಗುರಿನಷ್ಟು ಕೆಂಪು ಮಣ್ಣು, ಅಷ್ಟೇ ಗುರುತು. ಹೆಬ್ಬೆರಳಿನಿಂದ ಒತ್ತಿದೆ, ಲ್ಯಾಮಿನೇಟು ಹಪ್ಪಳದ ಹಾಗೆ ಒಳಗೆ ಹೋಯಿತು. ಶೀಟು ಬಿಚ್ಚಿದರೆ ಹಿಂದಿನ ರೀಪರಿಗೆ ಮೇಲಿನ ಪ್ರೈಮರ್ ಪದರ ಹಾಗೇ ಇದೆ, ಒಳಗೆ ಮರವೇ ಇಲ್ಲ, ಉದ್ದುದ್ದ ಎಳೆ, ಎಳೆಯ ಮಧ್ಯೆ ಮಣ್ಣು. ಕಲ್ಲಿನ ಗೋಡೆಯ ಸಂದಿಯಿಂದ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಹೊರಟು ಫ್ರೇಮಿಗೆ ಸೇತುವೆ ಕಟ್ಟಿತ್ತು. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಅದು ಮೇಲಿನ ಮನೆಯ ಬಾಗಿಲ ಚೌಕಟ್ಟಿನ ತನಕ ಹೋಗಿತ್ತು. ಅಲ್ಲಿ ಕೆಲಸ ಮಾಡಿದ್ದವರು ಗೆದ್ದಲಿನ ಔಷಧಿ ಹೊಡೆದಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದಿದ್ದರಂತೆ. ಮರದ ಮೇಲೆ ಬ್ರಷ್‌ನಲ್ಲಿ ಸವರಿದ ಔಷಧಿ ಎಷ್ಟು ಒಳಗೆ ಹೋದೀತು? ಗೋಡೆ ಬುಡದ ಮಣ್ಣಿಗೇ ಔಷಧಿ ಹೋಗಬೇಕು, ನೆಲಕ್ಕೆ ತೂತು ಕೊರೆದು ಇಳಿಸಬೇಕು. ಕಟ್ಟಿ ಮುಗಿದ ಮನೆಗೆ ಇದನ್ನು ಹೇಗೆ ಮಾಡಬೇಕು ಅನ್ನುವುದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 6313ರ ಮೂರನೇ ಭಾಗ. ಔಷಧಿಯವರಿಗೆ ಆ ನಂಬರ್ ಹೇಳಿ ನೋಡಿ, ಮುಖ ನೋಡಿದರೇ ಗೊತ್ತಾಗುತ್ತದೆ.

ಹಾಗಾದರೆ ಅಮೆರಿಕದಲ್ಲಿ ಮರ ಹೇಗೆ ಉಳಿಯುತ್ತದೆ ಅಂತ ಕೇಳಬಹುದು. ಕಾಂಕ್ರೀಟಿಗೆ ತಾಗುವ ಕೆಳಗಿನ ಪಟ್ಟಿಗೆ ಅವರು ಸಾದಾ ಮರ ಹಾಕುವ ಹಾಗಿಲ್ಲ. ಮರವನ್ನು ಟ್ಯಾಂಕಿನಲ್ಲಿಟ್ಟು ಒತ್ತಡದಲ್ಲಿ ಒಳಗಿನ ತನಕ ಔಷಧಿ ನುಗ್ಗಿಸಿರುತ್ತಾರೆ. ಬಹಳ ವರ್ಷ ಅವರು ಬಳಸಿದ ಔಷಧಿ ಸಿಸಿಎ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ್ದು. ಅದನ್ನು 1930ರ ದಶಕದಲ್ಲಿ ಕಂಡುಹಿಡಿದದ್ದು ನಮ್ಮ ದೇಶದವರೇ, ಸೊಂಟಿ ಕಾಮೇಶಂ ಅಂತ. ಇಷ್ಟೆಲ್ಲ ಹೊರಗಿನ ಸಲಹೆ ತರುವವರು ಈ ಹೆಸರನ್ನೂ ಒಂದು ಸಲ ತರಬಹುದಿತ್ತು. ಆರ್ಸೆನಿಕ್ ಇದೆ ಅಂತ ವಾಸದ ಮನೆಗೆ ಅದನ್ನು ಬಳಸುವುದನ್ನು ಅಲ್ಲಿ 2003ರ ಕೊನೆಗೆ ನಿಲ್ಲಿಸಿದರು, ಈಗ ತಾಮ್ರದ ಬೇರೆ ಔಷಧಿಗಳು. ಲೇಖನದಲ್ಲಿ ಮರ ಅನ್ನುವುದು ಬಂತು, ಔಷಧಿ ನುಗ್ಗಿಸಿದ ಮರ ಅನ್ನುವುದು ಬಿಟ್ಟುಹೋಯಿತು. ಇಲ್ಲಿ ಟಿಂಬರ್ ಯಾರ್ಡಿಗೆ ಹೋಗಿ ಅಂಥ ರೀಪರ್ ಕೊಡಿ ಅಂದರೆ ವಾರ್ನಿಷ್ ಡಬ್ಬ ತೋರಿಸುತ್ತಾರೆ.

ಇಷ್ಟು ಹೇಳಿದೆ ಅಂತ ಚಾನಲ್ ಏನೋ ಅಮೃತ ಅಂದುಕೊಳ್ಳಬೇಡಿ. ಅದರ ಗುಣ ಮೊದಲು: ತಿರುಚುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ, ಹಗುರ, ಸೆಲ್ಲಾರ್ ಮೆಟ್ಟಿಲಿನಲ್ಲಿ ಇಬ್ಬರೇ ಹೊತ್ತು ಇಳಿಸಬಹುದು. ದೋಷ ಹೇಳುವುದಕ್ಕೆ ಜಾಸ್ತಿ ಇದೆ. ಜಿಐ ಅಂದರೆ ತಗಡಿನ ಮೇಲೆ ಸತುವಿನ ಲೇಪ, ಅಷ್ಟೇ. ಮಾರುಕಟ್ಟೆಯಲ್ಲಿ ಬೆರಳಿನಲ್ಲಿ ಹಿಚುಕಿದರೆ ಮಡಚುವಂಥ ತಗಡೂ ಸಿಗುತ್ತದೆ, ಫಾಲ್ಸ್ ಸೀಲಿಂಗಿಗೆ ಹಾಕುವುದನ್ನೇ ಗೋಡೆಗೂ ನಿಲ್ಲಿಸುವವರಿದ್ದಾರೆ. ಗೋಡೆಯ ಸ್ಟಡ್ಡಿಗೆ, ಅಂದರೆ ನೆಟ್ಟಗೆ ನಿಲ್ಲಿಸುವ ಚಾನಲ್ಲಿಗೆ, ತಗಡು ಅರ್ಧ ಮಿಲಿಮೀಟರಿಗಿಂತ ತೆಳ್ಳಗಿರಬಾರದು, ಸುಮ್ನೆ ಮಾತಿಗೆ ನಂಬದೆ ಕ್ಯಾಲಿಪರ್ ಹಿಡಿದು ನೋಡಿ. ಕತ್ತರಿಸಿದ ತುದಿಯಲ್ಲಿ ಉಕ್ಕು ಬರಿಮೈ ಆಗಿರುತ್ತದೆ. ಅಲ್ಲಿಗೆ ಸತುವಿನ ಪೇಂಟು ಹಚ್ಚುವುದು ಎರಡು ನಿಮಿಷದ ಕೆಲಸ, ಆದರೆ ನಿಂತು ಮಾಡಿಸದಿದ್ದರೆ ಯಾರೂ ಮಾಡುವುದಿಲ್ಲ.

ಚಾನಲ್ ಹಾಳಾಗುವುದು ಯಾವಾಗಲೂ ಬುಡದಿಂದ. ನೆಲಕ್ಕೆ ಹಾಕುವ ಪಟ್ಟಿ, ಅದನ್ನು ಟ್ರ್ಯಾಕ್ ಅನ್ನುತ್ತೇವೆ, ಅದು ಇಂಗ್ಲಿಷಿನ ಯು ಆಕಾರ. ನೆಲ ಒರೆಸಿದ ನೀರೋ, ಗೋಡೆಯಿಂದ ಜಿನುಗಿದ ನೀರೋ ಅದರೊಳಗೆ ಸೇರಿಕೊಂಡರೆ ಒಣಗುವುದೇ ಇಲ್ಲ. ಒಂದು ಮನೆಯಲ್ಲಿ ಬಿಚ್ಚಿ ನೋಡಿದಾಗ ಸ್ಟಡ್ಡು ಪೂರ್ತಿ ಹೊಸದರ ಹಾಗೆ ಬೆಳ್ಳಗಿತ್ತು, ಕೆಳಗಿನ ಅರ್ಧ ಇಂಚು ಮಾತ್ರ ಗೆರೆ ಹೊಡೆದಂತೆ ಕಂದು, ಸ್ಕ್ರೂಡ್ರೈವರ್ ತುದಿ ಇಟ್ಟರೆ ಪುಡಿ. ಹಾಗಾಗಿ ಟ್ರ್ಯಾಕನ್ನು ನೇರ ಕಾಂಕ್ರೀಟಿನ ಮೇಲೆ ಕೂರಿಸಬಾರದು. ಅಡಿಗೆ ಫೋಮ್ ಪಟ್ಟಿಯೋ ಪಿವಿಸಿ ಪಟ್ಟಿಯೋ ಕೊಡಬೇಕು. ಫ್ರೇಮು ಗೋಡೆಗೆ ತಾಗಬಾರದು, ಹಿಂದೆ ಒಂದು ಇಂಚಾದರೂ ಜಾಗ ಇರಬೇಕು. ಎರಡಂಗುಲ ರೂಮು ಚಿಕ್ಕದಾಗುತ್ತದೆ ಅಂತ ಮನೆಯವರು ಗೊಣಗುತ್ತಾರೆ, ಗೊಣಗಲಿ. ಬೋರ್ಡು ಕೂಡ ನೆಲಕ್ಕೆ ಮುಟ್ಟಬಾರದು, ಅರ್ಧ ಇಂಚು ಮೇಲೆ ನಿಲ್ಲಿಸಿ ಸ್ಕರ್ಟಿಂಗ್‌ನಲ್ಲಿ ಮುಚ್ಚಿ.

ಬೋರ್ಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಜಿಪ್ಸಂ ಬೋರ್ಡಿನ ಎರಡೂ ಮುಖಕ್ಕೆ ಇರುವುದು ಕಾಗದ. ಲೋಹದ ಫ್ರೇಮು ಹಾಕಿದೆ, ಗೆದ್ದಲಿನ ಚಿಂತೆ ಮುಗಿಯಿತು ಅಂತ ಕಾಲು ಚಾಚಿ ಕೂರುವ ಹಾಗಿಲ್ಲ. ಗೆದ್ದಲು ಆ ಕಾಗದಕ್ಕೂ ಬರುತ್ತದೆ, ಬೂಷ್ಟು ಅಂತೂ ಬಂದೇ ಬರುತ್ತದೆ. ಹಸಿರು ಬಣ್ಣದ ತೇವ ತಡೆಯುವ ಬೋರ್ಡು ಸ್ವಲ್ಪ ವಾಸಿ. ಮಣ್ಣಿನ ಕಡೆಯ ಗೋಡೆಗೆ ನಾನಾದರೆ ಸಿಮೆಂಟ್ ಬೋರ್ಡನ್ನೇ ಹಾಕುತ್ತೇನೆ, ಭಾರ ಜಾಸ್ತಿ, ಕೊಯ್ಯುವಾಗ ಧೂಳೂ ಜಾಸ್ತಿ, ಆದರೂ.

ಇನ್ನು ಆ ಪ್ಲಾಸ್ಟಿಕ್ ಹಾಳೆ. ಪತ್ರ ಬರೆಯಲು ಮುಖ್ಯ ಕಾರಣವೇ ಅದು. ಚಳಿ ದೇಶದಲ್ಲಿ ಒಳಗಿನ ಬೆಚ್ಚನೆ ತೇವದ ಗಾಳಿ ಹೊರಗೋಡೆಗೆ ಹೋಗಿ ಹನಿ ಕಟ್ಟಬಾರದು ಅಂತ ಒಳಮುಖಕ್ಕೆ ಹಾಳೆ ಹೊದಿಸುವ ಪದ್ಧತಿ ಇತ್ತು. ನೆಲದಡಿಯ ಗೋಡೆಗೆ ಅದು ಬೇಡ ಅಂತ ಅಲ್ಲಿನ ಕಟ್ಟಡ ತಜ್ಞರೇ ಈಗ ಹೇಳುತ್ತಾರೆ, ಯಾಕೆಂದರೆ ಅಲ್ಲಿ ನೀರು ಬರುವುದು ಮಣ್ಣಿನ ಕಡೆಯಿಂದ. ನಮ್ಮಲ್ಲಿ ಕೇಳಲೇ ಬೇಡಿ. ಹೊರಗೆ ಮಳೆಗಾಲ, ಗೋಡೆ ಶೀತ, ಒಳಗೆ ಹೋಂ ಥಿಯೇಟರಿಗೆ ಎಸಿ. ಗೋಡೆಯಿಂದ ಹೊರಟ ತೇವ ಒಳಗೆ ಬಂದು ಎಸಿಯಿಂದ ತಣ್ಣಗಾದ ಪ್ಲಾಸ್ಟಿಕ್ ಹಾಳೆಯ ಬೆನ್ನಿಗೆ ಹನಿ ಕಟ್ಟಿ, ಇಳಿದು ಟ್ರ್ಯಾಕಿನಲ್ಲಿ ನಿಲ್ಲುತ್ತದೆ. ಮರ ಇದ್ದರೆ ಕೊಳೆಯುತ್ತದೆ, ಲೋಹ ಇದ್ದರೆ ತುಕ್ಕು. ಆ ಗೋಡೆ ಒಳಮುಖಕ್ಕೆ ಒಣಗಲು ದಾರಿ ಬಿಡಬೇಕು. ಬೋರ್ಡಿನ ಮೇಲೂ ಕೆಳಗೂ ಸಣ್ಣ ಜಾಲರಿ ಕೊಟ್ಟರೆ ಹಿಂದೆ ಗಾಳಿ ಆಡುತ್ತದೆ.

ಮರಕ್ಕೆ ಜಾಗವೇ ಇಲ್ಲವಾ ಅಂದರೆ ಇದೆ. ಟಿವಿ, ಗೀಸರ್, ಪುಸ್ತಕದ ಶೆಲ್ಫು ತೂಗುಹಾಕುವ ಕಡೆ ಅರ್ಧ ಮಿಲಿಮೀಟರ್ ತಗಡು ಸ್ಕ್ರೂ ಹಿಡಿಯುವುದಿಲ್ಲ. ಬೋರ್ಡು ಹೊಡೆಯುವ ಮುಂಚೆಯೇ ಎರಡು ಸ್ಟಡ್ಡಿನ ಮಧ್ಯೆ ಐಎಸ್ 710 ಗುರುತಿನ, ನೀರು ತಡೆಯುವ ಮರೈನ್ ಪ್ಲೈವುಡ್ಡು ಕೂರಿಸಿ, ಎಲ್ಲಿ ಕೂರಿಸಿದ್ದೀರಿ ಅಂತ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ಬಾಗಿಲ ಎರಡೂ ಪಕ್ಕದ ಸ್ಟಡ್ಡಿನ ಒಳಗೂ ಗಟ್ಟಿ ಮರ ತುಂಬಬೇಕು, ಇಲ್ಲದಿದ್ದರೆ ಬಾಗಿಲು ಹಾಕಿದಾಗಲೆಲ್ಲ ಗೋಡೆ ನಡುಗುತ್ತದೆ. ಮಣ್ಣಿಗೆ ತಾಗದ ಒಳಗಿನ ಪಾರ್ಟಿಷನ್ನಿಗೆ ಒಳ್ಳೆ ಒಣಮರ ಸಿಕ್ಕರೆ ಧಾರಾಳವಾಗಿ ಹಾಕಿ. ನಮ್ಮ ಅರಮನೆಯಲ್ಲೂ ಹಾಗೇ ತಾನೇ? ಹಳೇ ಮರದ ಅರಮನೆ 1897ರಲ್ಲಿ ಮದುವೆಯ ಸಡಗರದಲ್ಲೇ ಬೆಂಕಿಗೆ ಹೋಯಿತು. 1912ಕ್ಕೆ ಮುಗಿದ ಈಗಿನದಕ್ಕೆ ಕಲ್ಲು, ಇಟ್ಟಿಗೆ, ಕಲ್ಯಾಣ ಮಂಟಪಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಎರಕ ಹೊಯ್ಸಿ ತಂದ ಕಬ್ಬಿಣದ ಕಂಬ. ಅರಮನೆಯೊಳಗಿನ ಅಂಬಾವಿಲಾಸ ಸಭಾಂಗಣದ ಬಾಗಿಲಿಗೆ ಮಾತ್ರ ದಂತ ಕೂರಿಸಿದ ಬೀಟೆ ಮರವೇ.

ವೈರಿಂಗ್ ಬಗ್ಗೆ ಒಂದೇ ಮಾತು. ಸ್ಟಡ್ಡಿನ ತೂತಿನ ಅಂಚು ಬ್ಲೇಡಿನಷ್ಟು ಹರಿತ. ವೈರನ್ನು ಪಿವಿಸಿ ಪೈಪಿನೊಳಗೇ ಎಳೆಯಿರಿ, ಫ್ರೇಮಿಗೆ ಅರ್ತ್ ಕೊಡಿಸಿ, ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು, ಇರಲಿ. ಶೀತದ ಜಾಗದಲ್ಲಿ ಲೋಹದ ಗೋಡೆಗೆ ಕರೆಂಟ್ ಬಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕೆಲವರು ಬೋರ್ಡು ಹೊಡೆಯುವ ಭರದಲ್ಲಿ ಸೆಲ್ಲಾರಿನ ಇರುವ ಒಂದು ಕಿಟಕಿಯನ್ನೂ ಮುಚ್ಚಿಸುತ್ತಾರೆ, ಎಸಿ ಗಾಳಿ ಹೋಗಬಾರದು ಅಂತ. ದಯವಿಟ್ಟು ಬೇಡ. 2024ರ ಜುಲೈನಲ್ಲಿ ದೆಹಲಿಯ ರಾಜಿಂದರ್ ನಗರದಲ್ಲಿ ಮಳೆನೀರು ನುಗ್ಗಿ ನೆಲಮಾಳಿಗೆಯ ಲೈಬ್ರರಿಯಲ್ಲಿ ಓದುತ್ತಿದ್ದ ಮೂವರು ಸತ್ತರು. ಮೈಸೂರಿನಲ್ಲೂ ಪರೀಕ್ಷೆಗೆ ಓದುವ ಮಕ್ಕಳಿಗೆ ಅಂತ ಸೆಲ್ಲಾರಿನಲ್ಲಿ ಟೇಬಲ್ಲು ಹಾಕುವವರಿದ್ದಾರೆ. ಪ್ಲಾನಿನಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗವಾದರೆ ಅದರ ಕಥೆಯೇ ಬೇರೆ, ಅಲ್ಲಿ ನಾನು ಕೆಲಸವೇ ಹಿಡಿಯುವುದಿಲ್ಲ.

ಸಂಪಾದಕರೇ, ನಿಮ್ಮ ಪುಟಕ್ಕೆ ಬರೆಯುವವರು ಇಲ್ಲಿನ ಗಾರೆ ಮೇಸ್ತ್ರಿಗಳನ್ನು, ಔಷಧಿ ಹೊಡೆಯುವವರನ್ನು, ಹಳೇ ಸೆಲ್ಲಾರ್ ಕಿತ್ತು ನೋಡಿದ ಎಂಜಿನಿಯರನ್ನು ಒಂದು ಮಾತು ಕೇಳಿ ಬರೆದರೆ ಚೆನ್ನಾಗಿರುತ್ತದೆ. ನನ್ನ ಪತ್ರ ಉದ್ದ ಆಯಿತು ಅಂದರೆ ಬೇಕಾದ ಕಡೆ ಕತ್ತರಿಸಿ. ಆ ಪ್ಲಾಸ್ಟಿಕ್ ಹಾಳೆಯ ಸಾಲಿಗೆ ಮಾತ್ರ ತಿದ್ದುಪಡಿ ಹಾಕಿ, ಅದೂ ಮುಂದಿನ ವಾರವೇ. ಮಳೆ ಶುರುವಾಗುವ ಮುಂಚೆ ಸೆಲ್ಲಾರ್ ಕೆಲಸ ಮುಗಿಸೋಣ ಅಂತ ಈಗಾಗಲೇ ನಾಲ್ಕೈದು ಮನೆಯವರು ಪೇಪರಿನ ಆ ಪುಟ ಹಿಡಿದುಕೊಂಡೇ ಬಂದು ರೇಟು ಕೇಳುತ್ತಿದ್ದಾರೆ.

ಇಂತಿ,
ನಿಮ್ಮ ಓದುಗ, ಕುವೆಂಪುನಗರ, ಮೈಸೂರು